ಅಂಬಾಸಡರ್‌ಗೆ ಐದು ಗೇರಿನ ಬಾಕ್ಸ್ ಹಾಕಿಸುವವರು ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ

ಕಲಬುರಗಿ, ಬೀದರ್ ಕಡೆ ಹಳೇ ಅಂಬಾಸಡರ್ ಇಟ್ಟುಕೊಂಡವರಿಗೆ ಹೇಳುತ್ತಿದ್ದೇನೆ. ಇಸುಜು ಎಂಜಿನ್ ಗಾಡಿಯ ಐದು ಗೇರಿನ ಬಾಕ್ಸ್ ಇದೆ, ನಿಮ್ಮ ಹಳೇ ಎಂಜಿನ್‌ಗೆ ಸೀದಾ ಕೂಡುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಸೀದಾ ಕೂಡಲ್ಲ.

ನನ್ನದು 1489 ಸಿಸಿ ಪೆಟ್ರೋಲ್ ಗಾಡಿ, ಬ್ರಿಟನ್ನಿನ ಬಿಎಂಸಿ ಕಂಪನಿ ವಿನ್ಯಾಸದ ಹಳೇ ಎಂಜಿನ್. ಸ್ಟೇರಿಂಗ್ ಪಕ್ಕ ಗೇರ್ ರಾಡ್, ನಾಲ್ಕೇ ಗೇರ್. ಹೈದರಾಬಾದ್ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಬಿಟ್ಟರೆ ಎಂಜಿನ್ ಹೇಗೆ ಅರಚುತ್ತದೆ ಅಂತ ಇಟ್ಟುಕೊಂಡವರಿಗೆ ಗೊತ್ತು. ಅದಕ್ಕೇ ಐದನೇ ಗೇರಿನ ಆಸೆ. 2014ರಲ್ಲಿ ಗಾಡಿ ತಯಾರಿಕೆಯೇ ನಿಂತಿದೆ, ಹಾಗಾಗಿ ಗುಜರಿ ಅಂಗಡಿಯೇ ಗತಿ. ಅಲ್ಲಿ ಸಿಕ್ಕಿದ್ದು ಇಸುಜು 1800 ಎಂಜಿನ್ನಿನ ಅಂಬಾಸಡರ್‌ನಿಂದ ಬಿಚ್ಚಿದ ಬಾಕ್ಸ್. ಎಂಜಿನ್ ಬೇರೆ ಅಲ್ವಾ, ಬೋಲ್ಟಿನ ತೂತು ಕೂಡಲ್ಲ ಅಲ್ವಾ ಅಂತ ನಾನು ಕೇಳಿದೆ. ಅಂಗಡಿಯವನನ್ನು ಎಲ್ಲರ ಎದುರಿಗೇ ಕೇಳಿದೆ.

"ಅದೂ ಅಂಬಾಸಡರ್, ಇದೂ ಅಂಬಾಸಡರ್. ಯಾಕ್ ಕೂಡಂಗಿಲ್ರಿ? ನಡುವ ಒಂದ್ ಪ್ಲೇಟ್ ಹಾಕಿದ್ರ ಮುಗೀತು. ಎಷ್ಟ್ ಮಂದಿಗ್ ಮಾಡಿ ಕೊಟ್ಟೀನಿ ನಾ!"

28 ಸಾವಿರ. ಪೂರ್ತಿ ಮುಂಗಡ. ಮೇಲೆ ನನ್ನ ಹಳೇ ಬಾಕ್ಸ್ ಅವರಿಗೇ.

ಗಾಡಿ ಕೈಗೆ ಬಂದ ದಿನವೇ ಕ್ಲಚ್ ಬಿಟ್ಟರೆ ನಡುಕ, ಒತ್ತಿದರೆ ಕರಕರ ಸದ್ದು. ಫೋನ್ ಮಾಡಿದೆ. "ಹೊಸಾದದ ರೀ, ಸೆಟ್ ಆಗ್ಲಿಕ್ಕೆ ಬಿಡ್ರಿ." ಗೇರ್ ಬಾಕ್ಸ್ ಏನು ಹೊಸ ಚಪ್ಪಲಿಯಾ, ಹಾಕ್ತಾ ಹಾಕ್ತಾ ಸೆಟ್ ಆಗೋಕೆ?

ಹುಮನಾಬಾದ್‌ಗೆ ಬೀಗರನ್ನು ಕೂರಿಸಿಕೊಂಡು ಹೊರಟಿದ್ದೆ. ಕಮಲಾಪುರದಲ್ಲಿ ಗಾಡಿ ನಿಂತೇ ಹೋಯಿತು. ಎಂಜಿನ್ ಓಡುತ್ತಿದೆ, ಗೇರ್ ಬೀಳುತ್ತದೆ, ಗಾಡಿ ಮಾತ್ರ ಕದಲಲ್ಲ. ಕೆಂಪು ಬಾಳೆಹಣ್ಣು ಮಾರುವವರೆಲ್ಲ ಸುತ್ತ ನಿಂತು ನೋಡಿದರು. ಬೀಗರು ಇಳಿದು ತಳ್ಳಿದರು. ಬೀಗರು!

ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ಕ್ಲಚ್ ಪ್ಲೇಟಿನ ನಡುವಿನ ಹಬ್ ಕಿತ್ತು ಬಂದಿತ್ತು. ನನ್ನ ಎಂಜಿನ್ನಿನ ಕ್ಲಚ್ ಪ್ಲೇಟಿಗೆ ಬೇರೆ ಹಬ್ ಇಟ್ಟು ರಿವೆಟ್ ಹೊಡೆದಿದ್ದರು, ಈ ಬಾಕ್ಸಿನ ಶಾಫ್ಟಿನ ಹಲ್ಲಿಗೆ ಕೂಡಲಿ ಅಂತ. ಎಂಜಿನ್ನಿಗೂ ಬಾಕ್ಸಿಗೂ ನಡುವಿನ ಕಬ್ಬಿಣದ ಪ್ಲೇಟಿಗೆ, ಜಾಗ ಅಲುಗದಂತೆ ಹಿಡಿಯುವ ಡೋವೆಲ್ ಪಿನ್ನೇ ಇಲ್ಲ. ಬೋಲ್ಟ್ ತೂತುಗಳನ್ನು ಕೊರೆದು ಉದ್ದ ಮಾಡಿ ಕಣ್ಣಳತೆಯಲ್ಲಿ ಕೂರಿಸಿದ್ದಾರೆ. ಎಂಜಿನ್ನೂ ಬಾಕ್ಸೂ ಒಂದೇ ಗೆರೆಯಲ್ಲಿ ಇರಬೇಕು, ಕೂದಲೆಳೆ ಆಚೀಚೆ ಆದರೂ ಬೇರಿಂಗ್ ತಿನ್ನುತ್ತದೆ. ಇವರು ಕಣ್ಣಳತೆ!

ಆಮೇಲೆ ಆ ಮೆಕ್ಯಾನಿಕ್ ಶಾಫ್ಟಿನ ತುದಿ ತೋರಿಸಿದ. ಆ ತುದಿ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದಿರುವ ಪೈಲಟ್ ಬುಷ್, ಅಂದರೆ ತುದಿಯನ್ನು ಹಿಡಿದಿಡುವ ಪುಟ್ಟ ಬಳೆಯ ಒಳಗೆ ಕೂರಬೇಕು. ಬಾಕ್ಸ್ ಹೊಸದಾಗಿ ಕಾಣಲಿ ಅಂತ ಹೊಡೆದಿದ್ದ ಬೆಳ್ಳಿ ಪೇಂಟ್ ಆ ತುದಿಯಲ್ಲಿ ಹಾಗೇ ಇತ್ತು. ಒಂದು ಗೀರೂ ಬಿದ್ದಿಲ್ಲ. ಅಂದರೆ ಒಂದು ದಿನವೂ ಬುಷ್ ಮುಟ್ಟಿಲ್ಲ. ಪ್ಲೇಟ್ ಎಷ್ಟು ದಪ್ಪವೋ ಬಾಕ್ಸ್ ಅಷ್ಟು ಹಿಂದೆ ಸರಿದಿದೆ, ಶಾಫ್ಟ್ ಗಾಳಿಯಲ್ಲಿ ಕುಣಿದಿದೆ. ಆ ಪೇಂಟ್ ನೋಡಿ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತಿದೆ.

ಫೋಟೋ ಕಳಿಸಿದೆ. "ನಿಮ್ಮ ಎಂಜಿನ್ ಹಳೇದದ ರೀ." ಆಮೇಲೆ, "ನಿಮಗ ಐದ್ ಗೇರ್ ಓಡ್ಸಿ ರೂಢಿ ಇಲ್ಲ." ಆಮೇಲೆ, "ಬ್ಯಾರೆ ಕಡೆ ಬಿಚ್ಚಿಸೀರಿ, ಇನ್ನ ನಮ್ಮ ಜವಾಬ್ದಾರಿ ಇಲ್ಲ." ಕೊನೆಗೆ ಫೋನೇ ಎತ್ತಲಿಲ್ಲ. ಅಂಗಡಿಗೇ ಹೋದರೆ ಚಹಾ ತರಿಸಿದ. ದುಡ್ಡಿನ ಮಾತಿಲ್ಲ, ಚಹಾ!

ಹಾಕಿಸಲೇಬೇಕು ಅಂದರೆ ಆ ಬಾಕ್ಸಿನ ಎಂಜಿನ್ನನ್ನೂ ಜೊತೆಗೇ ತಗೊಳ್ಳಿ, ಆರ್‌ಟಿಓದಲ್ಲಿ ಆರ್‌ಸಿ ತಿದ್ದಿಸಿ. ಪ್ಲೇಟೇ ಹಾಕುತ್ತೇವೆ ಅಂದರೆ ಲೇತ್ ಮೇಲೆ ಮಾಡಿದ್ದಾ ನೋಡಿ, ಗೆರೆ ಎಷ್ಟು ತಪ್ಪಿದೆ ಅಂತ ಅಳೆಯುವ ಡಯಲ್ ಗೇಜ್ ಇದೆಯಾ ಕೇಳಿ. ಬಾಕ್ಸ್ ಏರಿಸುವ ಮುಂಚೆ ಶಾಫ್ಟ್ ಬುಷ್‌ವರೆಗೆ ಮುಟ್ಟುತ್ತದಾ ಅಂತ ನಿಂತು ಅಳತೆ ಹಾಕಿಸಿ. ಬೆಳ್ಳಿ ಪೇಂಟ್ ಹೊಡೆದ ಮಾಲು ಮುಟ್ಟಲೇಬೇಡಿ.

ಹಳೇ ಬಾಕ್ಸ್ ಮಾತ್ರ ಯಾರಿಗೂ ಬಿಟ್ಟು ಬರಬೇಡಿ. ನನ್ನದನ್ನು ವಾಪಸ್ ಕೊಡಿ ಅಂದಿದ್ದಕ್ಕೆ "ಅದು ಆಗ್ಲೇ ಮಾರಿ ಹೋಯ್ತಲ್ರಿ, ಚಲೋ ಮಾಲಿತ್ತು" ಅಂದ.