ಹಳೆ ಮಿಕ್ಸರ್ ಸಾಲು, ಹೊಸ ಚಿಪ್ ಸಾಲು: ಎರಡನ್ನೂ ಬೆಂಚ್ ಮೇಲಿಟ್ಟು ನೋಡಿದಾಗ

ಟೊಕಾಮ್ಯಾಕ್, ಅಂದರೆ ಅಯಸ್ಕಾಂತದ ಬಲದಿಂದ ಬಿಸಿ ಪ್ಲಾಸ್ಮಾವನ್ನು ಹಿಡಿದಿಡುವ ಸಮ್ಮಿಲನ ಯಂತ್ರ. ಅದರೊಳಗಿನ ಪ್ಲಾಸ್ಮಾಗೆ ಥರ್ಮಾಮೀಟರ್ ಹಾಕಲು ಆಗುವುದಿಲ್ಲ. ಆದರೆ ಅಯಸ್ಕಾಂತ ಕ್ಷೇತ್ರದಲ್ಲಿ ಗಿರಕಿ ಹೊಡೆಯುವ ಎಲೆಕ್ಟ್ರಾನ್‌ಗಳು ತಾವಾಗಿಯೇ ಮೈಕ್ರೋವೇವ್ ಸೂಸುತ್ತವೆ. ಅದರ ತೀವ್ರತೆಯಿಂದ ಉಷ್ಣತೆ ಗೊತ್ತಾಗುತ್ತದೆ, ಆವರ್ತನದಿಂದ ಜಾಗ. ಕ್ಷೇತ್ರದ ಬಲ ಒಂದು ಟೆಸ್ಲಾ ಇದ್ದರೆ ಗಿರಕಿಯ ಆವರ್ತನ 28 ಗಿಗಾಹರ್ಟ್ಸ್. ನಾವು ಹಿಡಿಯುವುದು ಅದರ ಎರಡರಷ್ಟನ್ನು. ಸ್ಯಾನ್ ಡಿಯಾಗೋದ ಡಿ-ತ್ರೀ-ಡಿಯಂಥ ಯಂತ್ರದಲ್ಲಿ ಸುಮಾರು 100 ಗಿಗಾಹರ್ಟ್ಸ್ ಆಸುಪಾಸು.

ಈ ಮೈಕ್ರೋವೇವ್ ಹಿಡಿಯುವ ಹಳೆ ರಿಸೀವರ್ ಸಾಲಿನಲ್ಲಿ ಪ್ರತಿ ಆಂಟೆನಾ ಹಿಡಿದದ್ದು ನೇರ ಶಾಟ್ಕಿ ಡಯೋಡ್ ಮಿಕ್ಸರ್‌ಗೆ, ಅಂದರೆ ಸಿಗ್ನಲ್‌ನ ಆವರ್ತನ ಇಳಿಸುವ ಭಾಗಕ್ಕೆ, ಹೋಗುತ್ತದೆ. ಬಲಪಡಿಸುವುದು ಆಮೇಲೆ. ಮಿಕ್ಸರ್‌ನಲ್ಲಿ ಬೆರೆಸಬೇಕಾದ ಸ್ಥಿರ ಆವರ್ತನದ ಸಿಗ್ನಲ್ ಕೊಡುವ ಲೋಕಲ್ ಆಸಿಲೇಟರ್‌ನ ಶಕ್ತಿಯನ್ನು ಲೆನ್ಸ್, ಬೀಮ್ ಸ್ಪ್ಲಿಟರ್ ಹಿಡಿದು ಗಾಳಿಯಲ್ಲೇ ಹರಡಬೇಕು. ಸಾಲಿನ ನಡುವಿನ ಚಾನೆಲ್‌ಗಳಿಗೆ (ಒಂದೊಂದು ಆಂಟೆನಾ, ಅದರ ಮಿಕ್ಸರ್) ಜಾಸ್ತಿ, ಅಂಚಿನವಕ್ಕೆ ಕೊನೇ ಪಂಕ್ತಿಯ ಪಾಯಸ. ಸ್ಕ್ರೂ ಒಂಚೂರು ತಿರುಗಿಸಿದರೆ ಒಂದು ಅಂಚು ಸರಿಹೋಗಿ ಇನ್ನೊಂದು ಸೊರಗುತ್ತದೆ.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ತಂಡ ಬೆಳೆಸಿದ ಹೊಸ ಬಗೆಯಲ್ಲಿ ಪ್ರತಿ ಆಂಟೆನಾಗೂ ಅದರದೇ ಚಿಪ್. ಮೊದಲು ಲೋ-ನಾಯ್ಸ್ ಆಂಪ್ಲಿಫೈಯರ್ (ತನ್ನ ಗದ್ದಲ ಹೆಚ್ಚು ಸೇರಿಸದೆ ಸಿಗ್ನಲ್ ಬಲಪಡಿಸುವುದು), ಆಮೇಲೆ ಮಿಕ್ಸರ್. ಆಸಿಲೇಟರ್ ಸಿಗ್ನಲ್ ಕಡಿಮೆ ಆವರ್ತನದಲ್ಲಿ ಕೇಬಲ್‌ನಲ್ಲಿ ಬರುತ್ತದೆ, ಚಿಪ್ ಒಳಗೆ ಗುಣಿಸಿಕೊಳ್ಳುತ್ತದೆ. ಸುತ್ತ ಲೋಹದ ಪೆಟ್ಟಿಗೆ ಇರುವುದರಿಂದ ಹೊರಗಿನ ರೇಡಿಯೋ ಗದ್ದಲವೂ ಒಳಗೆ ನುಸುಳುವುದಿಲ್ಲ.

ನಿಜವಾದ ವ್ಯತ್ಯಾಸ ಕಂಡದ್ದು ದ್ರವ ಸಾರಜನಕದ ಪರೀಕ್ಷೆಯಲ್ಲಿ. ಮೈಕ್ರೋವೇವ್ ಹೀರುವ ಕಪ್ಪು ಫೋಮ್ ತುಂಡನ್ನು 77 ಕೆಲ್ವಿನ್‌ನ ದ್ರವ ಸಾರಜನಕದಲ್ಲಿ ಅದ್ದಿ ಹೊಗೆಯಾಡುತ್ತಿರುವಾಗಲೇ ಹಾರ್ನ್ (ಆಂಟೆನಾದ ಬಾಯಿ) ಮುಂದೆ ಹಿಡಿಯುವುದು, ಆಮೇಲೆ ಕೋಣೆಯ ಉಷ್ಣತೆಯದ್ದನ್ನು. ಲೆಕ್ಕ ಸುಲಭ: ರಿಸೀವರ್‌ನ ಸ್ವಂತ ಗದ್ದಲ (ಅದನ್ನೂ ಉಷ್ಣತೆಯ ಲೆಕ್ಕದಲ್ಲೇ ಹೇಳುವುದು) 50,000 ಕೆಲ್ವಿನ್ ಇದ್ದರೆ ಎರಡರ ನಡುವೆ ಬರುವ ವ್ಯತ್ಯಾಸ ಶೇಕಡಾ 0.45ರಷ್ಟೇ. ಅದೇ 4,000ಕ್ಕೆ ಇಳಿದರೆ ಶೇಕಡಾ 5ಕ್ಕಿಂತ ಜಾಸ್ತಿ. ಹಳೆಯದರಲ್ಲಿ ಚಾಪರ್ (ಎರಡನ್ನೂ ಸರದಿಯಲ್ಲಿ ತೋರಿಸುವ ತಿರುಗುವ ಚಕ್ರ) ತಿರುಗಿಸಿ, ಸರಾಸರಿ ತೆಗೆದು, ಕಾಯುತ್ತಾ ಕೂರಬೇಕು. ಹೊಸದರಲ್ಲಿ ಗೆರೆ ಕಣ್ಣೆದುರೇ ಕೆಳಗಿಳಿಯುತ್ತದೆ.

ಕೋಟಿ ಡಿಗ್ರಿ ಪ್ಲಾಸ್ಮಾ ಮುಂದೆ ಈ ಸಾವಿರಗಳೆಲ್ಲ ಯಾವ ಲೆಕ್ಕ ಅಲ್ವಾ? ಸರಿ, ಆದರೆ ಪ್ಲಾಸ್ಮಾದ ಅಂಚು ತಣ್ಣಗಿರುತ್ತದೆ, ದಾರಿಯ ಲೆನ್ಸ್‌ಗಳು ಸಿಗ್ನಲ್ ತಿನ್ನುತ್ತವೆ. ಮೇಲಾಗಿ ಹೀಗೆ ಗೊತ್ತಿರುವ ಉಷ್ಣತೆಗೆ ಹೋಲಿಸಿ ಕ್ಯಾಲಿಬ್ರೇಷನ್ ಮಾಡಲಾಗದ ಚಾನೆಲ್ ಇದ್ದೂ ಇಲ್ಲದ ಹಾಗೆ.

ಹೊಸದರ ತಕರಾರೂ ಇದೆ. ಚಿಪ್ ಬಿಸಿಯಾಗುತ್ತಾ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು) ಜರುಗುತ್ತದೆ. ಆನ್ ಮಾಡಿದ ಕೂಡಲೇ ಅಳೆದದ್ದನ್ನು ನಾನಂತೂ ನಂಬುವುದಿಲ್ಲ. ಮುಂದೆಯೇ ಆಂಪ್ಲಿಫೈಯರ್ ಇರುವುದರಿಂದ, ಪ್ಲಾಸ್ಮಾ ಕಾಯಿಸುವ 110 ಗಿಗಾಹರ್ಟ್ಸ್ ಮೈಕ್ರೋವೇವ್ ಮೂಲವಾದ ಗೈರೋಟ್ರಾನ್‌ನ ಚೆಲ್ಲಿದ ಶಕ್ತಿ ಸ್ವಲ್ಪ ಒಳಬಂದರೂ ಆಂಪ್ಲಿಫೈಯರ್ ಕಿವುಡಾಗುತ್ತದೆ. ಆದರೂ ನನ್ನ ಓಟು ಹೊಸದಕ್ಕೇ. ಆ ಒಂದು ಆವರ್ತನವನ್ನಷ್ಟೇ ತಡೆಯುವ ನಾಚ್ ಫಿಲ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.