ಹೊಸ ಬಂಪರ್ ಹಾಕಿದ್ದೇವೆ ಎಂಬ ಬಿಲ್ಲಿಗೆ ಸಹಿ ಹಾಕುವ ಮುನ್ನ

ರಿಪೇರಿಯ ಹಣವನ್ನು ವಿಮಾ ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕೊಡುವ ಕ್ಯಾಶ್‌ಲೆಸ್ ಇನ್ಶೂರೆನ್ಸ್ ಇದೆ ಎಂದು ನಂಬಿ ಕಾರನ್ನು ಗ್ಯಾರೇಜಿಗೆ ಬಿಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತುಮಕೂರಿನ ಹೊರವಲಯದ ಒಂದು ಗ್ಯಾರೇಜಿನವರು ನನ್ನ ಹಳೆಯ ಬಂಪರಿಗೇ ಪುಟ್ಟಿ ಮೆತ್ತಿ, ಪೇಂಟ್ ಹೊಡೆದು, ಹೊಸ ಬಂಪರಿನ ಬಿಲ್ ಹಾಕಿದ್ದಾರೆ. ಆ ಬಿಲ್ಲಿನ ಕೆಳಗೆ ನನ್ನ ಸಹಿ ಇದೆ. ಇದನ್ನು ಬರೆಯುವಾಗ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗುತ್ತಿದೆ.

ಜೂನ್‌ನಲ್ಲಿ ಕಾರು ಡಿವೈಡರಿಗೆ ತಗುಲಿ ಮುಂದಿನ ಬಂಪರ್ ಎಡಗಡೆ ಸೀಳಿತ್ತು, ಫೆಂಡರ್ ಒಳಕ್ಕೆ ಹೋಗಿತ್ತು. ಎಸ್ಟಿಮೇಟ್, ವಿಮೆಗಾಗಿ ಹಾನಿ ಅಂದಾಜಿಸುವ ಸರ್ವೇಯರ್ ತಪಾಸಣೆ, ಮಂಜೂರಾತಿ ಎಲ್ಲವೂ ಎಂದಿನಂತೆ ನಡೆದವು. ಹನ್ನೊಂದನೆಯ ದಿನ ಸಂಜೆ ಕತ್ತಲಾದ ಮೇಲೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಾರು ತೋರಿಸಿ, ಬಿಲ್ಲನ್ನೂ, ಕೆಲಸ ತೃಪ್ತಿಕರವಾಗಿದೆ ಎಂಬ ಪತ್ರವನ್ನೂ ಮುಂದಿಟ್ಟರು. ಮನೆಗೆ ಹೋಗುವ ಅವಸರದಲ್ಲಿ ನಾನು ಓದದೆಯೇ ಸಹಿ ಹಾಕಿದೆ. ನನ್ನದು ಸವಕಳಿ ಕಳೆಯದೆ ಭಾಗಗಳ ಬೆಲೆ ಕೊಡುವ ಜೀರೋ ಡೆಪ್ರಿಸಿಯೇಷನ್ ಪಾಲಿಸಿಯಲ್ಲವಾದ್ದರಿಂದ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ಹೀಗಾಗಿ ಬಂಪರಿನ ಅರ್ಧ ಬೆಲೆಯನ್ನೂ, ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ರೂಪಾಯಿಯನ್ನೂ ಅಲ್ಲೇ ಕಟ್ಟಿದೆ.

ಮಳೆಗಾಲ ಮುಗಿಯುವ ಮೊದಲೇ ಬಂಪರಿನ ಬಣ್ಣ ಉಬ್ಬಿ ಸಿಪ್ಪೆಯಂತೆ ಏಳತೊಡಗಿತು. ನಮ್ಮ ಬೀದಿಯ ಟಿಂಕರಿಂಗ್ ಕೆಲಸದವರು ಅದನ್ನು ಬಿಚ್ಚಿ ನೆಲದ ಮೇಲೆ ಬೋರಲು ಹಾಕಿದರು. ಒಳಗಡೆ ಗೇಣುದ್ದದ ಸೀಳಿನ ಮೇಲೆ ತಂತಿಬಲೆಯನ್ನು ಕಾಯಿಸಿ ಒತ್ತಿದ ಕಪ್ಪು ಗುರುತು ಕಾಣಿಸಿತು. ಅದರ ಪಕ್ಕದಲ್ಲೇ, ಹೋದ ವರ್ಷ ಕ್ಲಿಪ್ ಮುರಿದಾಗ ನಾನೇ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದ ಹಸಿರು ವೈರ್ ಹಾಗೆಯೇ ಇತ್ತು. ನನ್ನದೇ ಗಂಟು. ಹೊಸ ಬಂಪರಿನಲ್ಲಿ ನನ್ನ ಗಂಟು ಎಲ್ಲಿಂದ ಬರಬೇಕು?

ಗ್ಯಾರೇಜಿನ ಮಾಲೀಕರಿಗೆ ಫೋನ್ ಮಾಡಿದೆ. "ಅದು ಹೊಸದೇ ಸಾರ್, ನೀವು ಮತ್ತೆಲ್ಲೋ ತಗುಲಿಸಿಕೊಂಡಿದ್ದೀರಿ" ಎಂದರು. ವೈರಿನ ಫೋಟೊ ಕಳಿಸಿದ ಮೇಲೆ, "ಹುಡುಗರು ತಪ್ಪಿ ಹಾಕಿರಬೇಕು" ಎಂದರು. ನಾನು ಬಿಡದೆ ಕೇಳಿದಾಗ ಬಂದ ಉತ್ತರವನ್ನು ಮರೆಯಲಾರೆ: "ಕಂಪನಿ ದುಡ್ಡು ತಾನೆ ಸಾರ್, ನಿಮ್ಮ ಜೇಬಿನಿಂದ ಏನು ಹೋಯಿತು?" ಅರ್ಧ ಬೆಲೆ ಕೊಟ್ಟವನು ನಾನು. ಮೂರು ವರ್ಷ ಕ್ಲೇಮ್ ಮಾಡದೆ ಉಳಿಸಿಕೊಂಡಿದ್ದ ಶೇ. 35ರ ನೋ ಕ್ಲೇಮ್ ಬೋನಸ್, ಅಂದರೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಕಳೆದುಕೊಂಡವನೂ ನಾನೇ. ಒಂದು ವೇಳೆ ನನ್ನ ಒಂದು ಪೈಸೆಯೂ ಹೋಗಿರದಿದ್ದರೂ, ಅವರ ಸುಳ್ಳು ಬಿಲ್ಲಿಗೆ ಸಾಕ್ಷಿಯಾಗಿ ನಿಂತಿರುವುದು ನನ್ನ ಹೆಸರು! ಕೊನೆಗೆ ಅದನ್ನೇ ನನಗೆ ತಿರುಗಿಸಿದರು: "ನೋಡಿಯೇ ಸಹಿ ಹಾಕಿದ್ದೀರಲ್ಲ?" ಆಮೇಲೆ ಫೋನ್ ಎತ್ತಲಿಲ್ಲ.

ದಯವಿಟ್ಟು ಹಗಲಿನಲ್ಲೇ ಕಾರು ನೋಡಿ. ಬಿಚ್ಚಿದ ಹಳೆಯ ಭಾಗವನ್ನು ತೋರಿಸದಿದ್ದರೆ, ಹೊಸ ಭಾಗದ ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ಬಿಲ್ಲಿನದಕ್ಕೆ ಹೊಂದದಿದ್ದರೆ ತೃಪ್ತಿಪತ್ರಕ್ಕೆ ಸಹಿ ಹಾಕಲೇಬೇಡಿ, ಅವರು ಎಷ್ಟೇ ಅವಸರ ಮಾಡಲಿ.

ವಿಮಾ ಕಂಪನಿಗೆ ಫೋಟೊಗಳ ಸಮೇತ ಬರೆದಿದ್ದೇನೆ, ನಾನು ಓದದೆ ಸಹಿ ಹಾಕಿದ್ದನ್ನೂ ಅದರಲ್ಲಿ ಮುಚ್ಚಿಟ್ಟಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೇನೆ. ಲಿಖಿತ ಉತ್ತರ ಬರುವವರೆಗೆ ಆ ಬಂಪರನ್ನು ವೈರ್ ಸಮೇತ ಮನೆಯಲ್ಲೇ ಇಟ್ಟುಕೊಂಡಿರುತ್ತೇನೆ.