ಕೋರ್ಟ್ ಗೇಟಿನ ತಪಾಸಣೆ ಚೆನ್ನಾಗಿದೆ, ಅದರ ಖರ್ಚು ಯಾರ ತಲೆಗೆ?

ಮೈಸೂರಿನ ಚಾಮರಾಜಪುರಂ ಕೋರ್ಟ್ ಗೇಟಿನಲ್ಲಿ ಬ್ಯಾಗು ತೋರಿಸಿ ಒಳಗೆ ಹೋಗುವುದು ನನಗೆ ದಿನದ ಕೆಲಸ. ಹತ್ತಿರದಲ್ಲೇ ಒಂದು ಮೇಜು, ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡು ಅಫಿಡವಿಟ್ಟು, ವಕಾಲತ್ತು, ಜಾಮೀನು ಅರ್ಜಿ ಟೈಪ್ ಮಾಡುತ್ತೇನೆ. ವಕೀಲರ ಸಹಿಗೆ, ತಿದ್ದುಪಡಿಗೆ ಅಂತ ದಿನಕ್ಕೆ ನಾಲ್ಕೈದು ಸಲವಾದರೂ ಒಳಗೆ ಹೋಗಿ ಬರುತ್ತೇನೆ. ಗೇಟಿನ ತಪಾಸಣೆ ಅನ್ನುವ ಈ ಸೇವೆಯನ್ನು ನನ್ನಷ್ಟು ಬಳಸಿದವರು ಕಡಿಮೆ.

ಅಲ್ಲಿನ ಮಹಿಳಾ ಪೊಲೀಸ್ ಒಬ್ಬರಿಗೆ ನನ್ನ ಮುಖ ಚೆನ್ನಾಗಿ ಗೊತ್ತು. ಆದರೂ ಬ್ಯಾಗಿನ ಜಿಪ್ಪು ತೆಗೆಸುತ್ತಾರೆ. ಊಟದ ಡಬ್ಬಿ ಎತ್ತಿ ತೂಕ ನೋಡಿ, "ಮುಚ್ಚಳ ತೆಗೀರಿ ಅಕ್ಕ" ಅಂತಾರೆ. ಮೊನ್ನೆ ಮೇಲಿನ ಡಬ್ಬಿಯಲ್ಲಿ ಹುರುಳಿಕಾಳು ಬಸ್ಸಾರು, ಕೆಳಗಿನದರಲ್ಲಿ ಮುದ್ದೆ. ಎರಡನ್ನೂ ನೋಡಿದರು. ಹಿಂದೆ ನಿಂತವರು ಗೊಣಗಿದರು. ನನಗೆ ಬೇಜಾರಾಗಲಿಲ್ಲ. 2016ರ ಆಗಸ್ಟ್ 1ರಂದು ಇದೇ ಕೋರ್ಟಿನ ಶೌಚಾಲಯದಲ್ಲಿ ಬಾಂಬ್ ಸಿಡಿದಿತ್ತಲ್ವಾ? ಯಾರ ಜೀವವೂ ಹೋಗಲಿಲ್ಲ, ಅದು ನಮ್ಮ ಪುಣ್ಯ. ಆ ಸದ್ದು ಕೇಳಿದವರಿಗೆ ಡಬ್ಬಿ ತೆರೆದು ತೋರಿಸುವುದು ದೊಡ್ಡ ಕಷ್ಟ ಅನಿಸುವುದಿಲ್ಲ. ಆ ಕೇಸಿನಲ್ಲಿ ಮೂವರಿಗೆ 2021ರಲ್ಲಿ ಶಿಕ್ಷೆಯೂ ಆಯಿತು.

ಅದೇ ವರ್ಷ ದೆಹಲಿಯ ರೋಹಿಣಿ ಕೋರ್ಟಿನಲ್ಲಿ ವಕೀಲರ ವೇಷದಲ್ಲಿ ಬಂದವರು ಕೋರ್ಟ್ ಹಾಲಿನೊಳಗೇ ಗುಂಡು ಹಾರಿಸಿದ್ದರು. ಕರಿ ಕೋಟು ಹಾಕಿದ್ದಾರೆ ಅಂತ ಯಾರನ್ನೂ ಸುಮ್ನೆ ಬಿಡಬಾರದು ಅಂತ ನಾನು ಹೇಳುವುದು ಇದಕ್ಕೇ. ಕೆಲಸದ ಮೇಲೆ ನಾನು ಹೋಗುವ ಇನ್ನೊಂದು ಊರಿನ ಕೋರ್ಟಿದೆ, ಹೆಸರು ಬೇಡ. ಅಲ್ಲಿ ಬಾಗಿಲಿನ ಯಂತ್ರ ಕೀಂ ಅಂತ ಕೂಗುತ್ತಲೇ ಇರುತ್ತದೆ, ಪಕ್ಕದ ಕುರ್ಚಿ ಖಾಲಿ ಇರುತ್ತದೆ. ಅದನ್ನು ನೋಡಿ ಬಂದ ಮೇಲೆ ನಮ್ಮ ಗೇಟಿನ ಬೆಲೆ ಇನ್ನೂ ಜಾಸ್ತಿ ಗೊತ್ತಾಯಿತು.

ಈ ತಪಾಸಣೆಗೆ ನಮ್ಮ ಗೇಟಿನಲ್ಲಿ ಯಾರ ಹತ್ತಿರವೂ ಒಂದು ರೂಪಾಯಿ ಕೇಳುವುದಿಲ್ಲ. ಅದು ವಿಶೇಷ ಅಂತ ನನಗೆ ಯಾವತ್ತೂ ಹೊಳೆದೇ ಇರಲಿಲ್ಲ. ನನ್ನ ತಂಗಿ ಮಗ ಅಮೆರಿಕದ ವರ್ಜೀನಿಯಾದಲ್ಲಿದ್ದಾನೆ. ಕಾರು ಜೋರಾಗಿ ಓಡಿಸಿ ಸಿಕ್ಕಿಬಿದ್ದ. ದಂಡ ಕಟ್ಟಿದ ಮೇಲೆ ರಸೀದಿಯ ಫೋಟೊ ಕಳಿಸಿ, "ದೊಡ್ಡಮ್ಮ, ನಿಮ್ಮ ಲೈನಿನದ್ದೇ, ನೋಡಿ" ಅಂದ. ದಂಡ, ಕೋರ್ಟಿನ ಖರ್ಚು, ಅದರ ಕೆಳಗೆ ಇನ್ನೊಂದು ಸಾಲು: ಕೋರ್ಟ್ ಕಟ್ಟಡದ ಭದ್ರತೆಗೆ 20 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 1,700 ರೂಪಾಯಿ!

ಅಲ್ಲಿನ ಕಾನೂನೇ ಹಾಗಂತೆ. ಕ್ರಿಮಿನಲ್ ಆಗಲಿ, ಟ್ರಾಫಿಕ್ ಆಗಲಿ, ತಪ್ಪಿತಸ್ಥ ಅಂತ ಆದರೆ ಅವನಿಂದ 20 ಡಾಲರ್‌ವರೆಗೆ ವಸೂಲಿ ಮಾಡಬಹುದು. ಮಾಡಬೇಕೋ ಬೇಡವೋ ಅಂತ ಆಯಾ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಅಥವಾ ನಗರದ ಆಡಳಿತ ತೀರ್ಮಾನಿಸುತ್ತದೆ. ಮೊದಲು ಮಿತಿ 10 ಡಾಲರ್ ಇತ್ತು, 2020ರಲ್ಲಿ ದುಪ್ಪಟ್ಟಾಯಿತು. ಕೋರ್ಟಿನ ಗುಮಾಸ್ತರು ವಸೂಲಿ ಮಾಡುತ್ತಾರೆ. ಆ ಹಣ ಶೆರಿಫ್ ಕಚೇರಿಗೆ, ಅಂದರೆ ಕೋರ್ಟ್ ಕಾಯುವ ಸಿಬ್ಬಂದಿಗೆ, ಬೇಕಾದರೆ ಯಂತ್ರಗಳಿಗೆ ಹೋಗುತ್ತದೆ. ಖುಲಾಸೆಯಾದವನು ಕೊಡಬೇಕಾಗಿಲ್ಲ.

ಟೀ ಅಂಗಡಿ ಮುಂದೆ ಇದನ್ನು ಹೇಳಿದೆ. "ಸರಿಯಾಗೇ ಇದೆ, ತಪ್ಪು ಮಾಡಿದವನೇ ಕೊಡಲಿ, ನಮ್ಮ ತೆರಿಗೆ ಯಾಕೆ?" ಅಂತ ಒಬ್ಬರು ಅಂದರು. ಕೇಳುವುದಕ್ಕೆ ನ್ಯಾಯ ಅನಿಸುತ್ತದೆ. ಆದರೆ ಆ ಗೇಟು ದಾಟುವವರು ಯಾರು? ಪಾಲು ಕೇಳಲು ಬಂದ ಅಣ್ಣತಮ್ಮಂದಿರು, ಜೀವನಾಂಶಕ್ಕೆ ಅಲೆಯುವ ಹೆಣ್ಣುಮಕ್ಕಳು, ಸಾಕ್ಷಿ ಹೇಳುವವರು, ಜಡ್ಜು, ಅಟೆಂಡರು, ನಾನು. ಕಾವಲು ನಮ್ಮೆಲ್ಲರಿಗೂ. ಬಿಲ್ಲು ಮಾತ್ರ ಜೋರಾಗಿ ಕಾರು ಓಡಿಸಿದ ಹುಡುಗನಿಗೆ ಯಾಕೆ?

ನಾನು ಟೈಪ್ ಮಾಡಿಕೊಡುವ ಹಿರಿಯ ವಕೀಲರೊಬ್ಬರು ಇದನ್ನು ಕೇಳಿ ಹಳೆಯದೊಂದು ತೀರ್ಪು ನೆನಪಿಸಿದರು. ಅಮೆರಿಕದ ಒಹಾಯೋ ರಾಜ್ಯದ ಒಂದು ಊರಿನಲ್ಲಿ ಮೇಯರೇ ಜಡ್ಜು. ಸಾರಾಯಿ ಕೇಸಿನಲ್ಲಿ ಶಿಕ್ಷೆ ಕೊಟ್ಟರೆ ಮಾತ್ರ ಅವನಿಗೆ ಖರ್ಚಿನ ಬಾಬ್ತು 12 ಡಾಲರ್, ಬಿಟ್ಟರೆ ಏನೂ ಇಲ್ಲ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ನ್ಯಾಯವಲ್ಲ ಅಂತ ಶಿಕ್ಷೆಯನ್ನೇ ರದ್ದು ಮಾಡಿತು. ವರ್ಜೀನಿಯಾದಲ್ಲಿ ಜಡ್ಜಿನ ಜೇಬಿಗೆ ಏನೂ ಹೋಗುವುದಿಲ್ಲ, ಅದು ನಿಜ. ಆದರೂ ತಪ್ಪಿತಸ್ಥರು ಜಾಸ್ತಿಯಾದಷ್ಟೂ ಕಾವಲಿನ ಹಣ ಜಾಸ್ತಿ ಅನ್ನುವ ಲೆಕ್ಕ ಕೋರ್ಟಿನ ಹತ್ತಿರ ಸುಳಿಯಲೇಬಾರದು. ನಮ್ಮಲ್ಲಿ ದಂಡದ ಹಣದಿಂದ ನೊಂದವರಿಗೆ ಪರಿಹಾರ ಕೊಡಿಸಲು ಜಡ್ಜಿಗೆ ಅಧಿಕಾರ ಇದೆ. ಅದನ್ನು ಒಪ್ಪುತ್ತೇನೆ, ಅಲ್ಲಿ ನೋವಿಗೂ ಹಣಕ್ಕೂ ನೇರ ಸಂಬಂಧ ಇದೆ.

ಹೋದ ತಿಂಗಳು ಒಬ್ಬ ಆಟೊ ಡ್ರೈವರ್ ಹೆಂಡತಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಗಂಡ ಕುಡಿದು ಗಾಡಿ ಓಡಿಸಿದ್ದ, 10,000 ದಂಡ. ಸೆರಗಿನ ಗಂಟು ಬಿಚ್ಚಿ ಐನೂರು, ನೂರು, ಐವತ್ತರ ನೋಟುಗಳನ್ನು ಬೇರೆ ಬೇರೆ ಜೋಡಿಸಿದಳು. ಎರಡು ಸಲ ಎಣಿಸಿದಳು. ಆಮೇಲೆ ಗೇಟಿನ ಕಡೆ ನೋಡಿ, "ಅಕ್ಕಾ, ಅಲ್ಲೇನಾದ್ರೂ ಕೊಡಬೇಕಾ?" ಅಂತ ಮೆಲ್ಲಗೆ ಕೇಳಿದಳು. ಗಂಟಿನಲ್ಲಿ ಉಳಿದದ್ದು ಬಸ್ಸಿಗಿಟ್ಟ ಚಿಲ್ಲರೆ.

"ಏನೂ ಬೇಡಮ್ಮ, ಚೀಲ ಬಿಚ್ಚಿ ತೋರಿಸು ಸಾಕು" ಅಂದೆ.

ಮೊದಲ ಸಲ ಬರುವವರಿಗೂ ಇದೇ ಮಾತು. ಗೇಟಿನಲ್ಲಿ ದುಡ್ಡಿಲ್ಲ. ಬೆಳಿಗ್ಗೆ ಸಾಲು ಉದ್ದ ಇರುತ್ತದೆ, ಸ್ವಲ್ಪ ಮುಂಚೆ ಬನ್ನಿ. ಬ್ಯಾಗಿನಲ್ಲಿ ಚಾಕು, ಬೆಂಕಿಪೊಟ್ಟಣ ಬೇಡ. ದಂಡ ಕಟ್ಟಿದರೆ ರಸೀದಿ ಕೇಳಿ ಇಸ್ಕೊಂಡು, ಅಲ್ಲೇ ನಿಂತು ಮೊತ್ತ ಓದಿ ನೋಡಿ.